ಗಂಗಿ ಕಾಯುತ್ತಿದ್ದ ನಾಗಿ

ನಾಗಲಿಂಗಮ್ಮ ಈ ಲೋಕಕ್ಕೆ ಒಬ್ಬಳೇ ಬಂದವಳಲ್ಲ. ಉಚ್ಚಂಗಿದುರ್ಗದ ಬುಡದ ಒಂದು ಹಳ್ಳಿಯಲ್ಲಿ, ದನಗಳು ಮೇಯಲು ಹೊರಟ ಹೊತ್ತಿಗೆ ಅವಳು ಹುಟ್ಟಿದಳು. ಸೂಲಗಿತ್ತಿ ಕೈ ತೊಳೆದುಕೊಳ್ಳಲು ಏಳುವಷ್ಟರಲ್ಲಿ ಹಿಂದೆಯೇ ಗಂಗಾಂಬಿಕಾ ಬಂದಳು. ನಾಗಿ ಮತ್ತು ಗಂಗಿ, ಒಂದೇ ಅಚ್ಚಿನಲ್ಲಿ ಹೊಯ್ದ ಎರಡು ಬೆಲ್ಲದಂತೆ ಇದ್ದರು. ಯಾರು ಯಾರೆಂದು ಗುರುತು ಹಿಡಿಯುವ ಕಷ್ಟವನ್ನು ತಾಯಿ ತೆಗೆದುಕೊಳ್ಳಲೇ ಇಲ್ಲ. ಒಬ್ಬಳನ್ನು ಕರೆದರೆ ಇಬ್ಬರೂ ಓಡಿ ಬರುತ್ತಿದ್ದರು.

ಹದಿನಾರಕ್ಕೆ ಇಬ್ಬರ ಮದುವೆಯೂ ಒಂದೇ ಹಂದರದಲ್ಲಿ ಆಯಿತು. ನಾಗಿಯನ್ನು ಕೊಟ್ಟೂರಿಗೆ ಕೊಟ್ಟರು, ಗಂಗಿಯನ್ನು ಹಿರೇಹಡಗಲಿಗೆ. ನಾಗಿಯ ಗಂಡ ಕರಿಸಿದ್ದಪ್ಪ ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ತೆಗೆದ. ಬೋರ್ಡಿನ ಮೇಲೆ ಹೆಸರು ಅವನದಿತ್ತು, ಜನ ಬರುತ್ತಿದ್ದದ್ದು ನಾಗಲಿಂಗಮ್ಮ ಬಡಿಯುವ ರೊಟ್ಟಿಗೆ. ಗಂಗಿಯ ಗಂಡನದು ಬಟ್ಟೆ ಅಂಗಡಿ. ಅವನು ಬೇಗ ತೀರಿಕೊಂಡ. ಹೆತ್ತ ಮೂರರಲ್ಲಿ ಅವಳಿಗೆ ಉಳಿದದ್ದು ಗವಿಸಿದ್ದೇಶ್ ಒಬ್ಬನೇ. ಅವನು ದೊಡ್ಡವನಾಗಿ ಅಂಗಡಿ ನೋಡಿಕೊಂಡ.

ಮದುವೆಯಾದ ವರ್ಷದಿಂದ ಅಕ್ಕತಂಗಿಯರ ನಡುವೆ ಒಂದು ಕರಾರಿತ್ತು. ಅಮಾವಾಸ್ಯೆ ಕಳೆದ ಮೊದಲ ಸೋಮವಾರ ಗಂಗಿ ಕೊಟ್ಟೂರಿಗೆ ಬರಬೇಕು. ಹಡಗಲಿ ದಾಟಿ, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹತ್ತು ಗಂಟೆಗೆಲ್ಲ ಅವಳು ಖಾನಾವಳಿಯ ಹಿಂಬಾಗಿಲಲ್ಲಿ ಇರುತ್ತಿದ್ದಳು. ಮಧ್ಯಾಹ್ನದ ಊಟದವರು ಎದ್ದುಹೋದ ಮೇಲೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಏನು ಮಾತಾಡುತ್ತಿದ್ದರು ಎಂದರೆ ಏನೂ ಇಲ್ಲ. ಒಮ್ಮೊಮ್ಮೆ ಒಬ್ಬಳು ಅರ್ಧ ಮಾತು ಆಡಿ ಬಿಟ್ಟರೆ ಇನ್ನೊಬ್ಬಳು ನಗುತ್ತಿದ್ದಳು. "ಇವರಿಬ್ಬರ ಮಾತು ಕೇಳಾಕ ಮೂರನೇದವ್ರಿಗೆ ಕಿವಿನೂ ಇಲ್ಲ, ಬುದ್ಧಿನೂ ಇಲ್ಲ" ಎಂದು ಕರಿಸಿದ್ದಪ್ಪ ಎದ್ದು ಹೋಗುತ್ತಿದ್ದ. ಹೀಗೆ ನಲವತ್ತೈದು ವರ್ಷ ನಡೆಯಿತು. ಬಾಣಂತನ, ಸಾವು ಬಿಟ್ಟರೆ ಆ ಸೋಮವಾರ ತಪ್ಪಿದ್ದು ಬೆರಳೆಣಿಕೆ.

ತೊಂಬತ್ತೇಳನೇ ಇಸವಿಯ ಒಂದು ಸೋಮವಾರ ಹತ್ತು ಗಂಟೆಯಾಯಿತು, ಹನ್ನೆರಡಾಯಿತು, ಗಂಗಿ ಬರಲಿಲ್ಲ. ನಾಗಲಿಂಗಮ್ಮ ಬಾಗಿಲ ಕಡೆ ನೋಡುತ್ತ ಎರಡು ರೊಟ್ಟಿ ಕರಕಲು ಮಾಡಿದಳು. ಸಂಜೆ ಐದರ ಹೊತ್ತಿಗೆ ಕಂಡಕ್ಟರ್ ಓಬಳೇಶಪ್ಪ ಖಾನಾವಳಿಯ ಮುಂದೆ ನಿಂತ. ಅವನು ದಿನಾ ರಾತ್ರಿ ಅಲ್ಲೇ ಉಣ್ಣುವವನು, ಗಂಗಿಯನ್ನು ಎಂದೂ ಕಂಡವನಲ್ಲ. ಅವನ ಹಿಂದೆ ಗಂಗಿ ಇದ್ದಳು. ಒಲೆಯ ಮುಂದೆ ಕೂತ ನಾಗಲಿಂಗಮ್ಮನನ್ನು ಕಂಡು ಓಬಳೇಶಪ್ಪನ ಬಾಯಿ ತೆರೆದುಕೊಂಡೇ ಉಳಿಯಿತು.

"ಅಕ್ಕಾರ, ನೀವು ಇಲ್ಲಿ ಅದೀರಿ. ಹಂಗಾರ ನಾ ಕರಕೊಂಡು ಬಂದಿದ್ದು ಯಾರನ್ನ?" ಎಂದ. ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವಳು ಬೆಳಗಿನಿಂದ ಕೂತಿದ್ದಳಂತೆ. ಖಾನಾವಳಿ ಅಕ್ಕ ಇಲ್ಲಿ ಯಾಕೆ ಕೂತಿದ್ದಾಳೆ ಎಂದುಕೊಂಡು, ಕೇಳಿದ್ದಕ್ಕೆ ಉತ್ತರ ಬಾರದಿದ್ದಾಗ ಕೈ ಹಿಡಿದು ಬಸ್ಸು ಹತ್ತಿಸಿದ್ದ.

"ಯಾಕಲೇ ಗಂಗಿ, ಏನಾತು?"

"ಯಾವ ಬಸ್ಸು ಅನ್ನೋದು ಮರತು ಹೋತು ನೋಡು," ಎಂದು ಗಂಗಿ ನಕ್ಕಳು. "ಎಲ್ಲಾ ಬಸ್ಸೂ ಬಂದ್ವು. ನಂದು ಬರಲಿಲ್ಲ."

ಆ ದಿನ ಇಬ್ಬರೂ ನಕ್ಕರು. ಮರು ತಿಂಗಳು ಗವಿಸಿದ್ದೇಶ್ ತಾನೇ ಅವ್ವನನ್ನು ಕರೆದುಕೊಂಡು ಬಂದ. ಗಂಗಿ ಹಿತ್ತಲಿಗೆ ಹೋದಾಗ ಅವನು ದನಿ ತಗ್ಗಿಸಿ ಹೇಳಿದ: "ದೊಡ್ಡವ್ವ, ಹಾಲು ಹೊತ್ತಿ ಮನಿಯೆಲ್ಲಾ ಕಮರು ತುಂಬಿದ್ರೂ ಅವ್ವಗ ವಾಸನಿ ಬರವಲ್ಲದು. ಅಪ್ಪ ಅಂಗಡಿಯಿಂದ ಇನ್ನೂ ಬರಲಿಲ್ಲ ಅಂತ ಬಾಗಿಲದಾಗ ನಿಂದರತಾಳ." ಅಪ್ಪ ಸತ್ತು ಆಗ ಹನ್ನೆರಡು ವರ್ಷ.

ಊರಲ್ಲಿ ಒಬ್ಬೊಬ್ಬರು ಒಂದೊಂದು ಅಂದರು. ಗಾಳಿ ಸೋಕಿದೆ ಎಂದರು, ಗಂಡನ ಚಿಂತೆ ಎಂದರು, ವಯಸ್ಸಾದ ಮೇಲೆ ಎಲ್ಲರಿಗೂ ಅರಳುಮರಳು ಇದ್ದದ್ದೇ ಎಂದರು. ಈ ಕೊನೆಯ ಮಾತು ನಾಗಲಿಂಗಮ್ಮನಿಗೆ ಮುಳ್ಳಾಯಿತು. ಗಂಗಿಗೆ ವಯಸ್ಸಾಗಿದ್ದರೆ ತನಗೂ ಅಷ್ಟೇ ಆಗಿದೆಯಲ್ಲ. ತಾನು ನಲವತ್ತು ಜನರ ಊಟ ನೆನಪಿಟ್ಟುಕೊಂಡು ಬಡಿಸುತ್ತೇನೆ. ಯಾರಿಗೆ ಖಾರ ಆಗದು, ಯಾರಿಗೆ ಮೊಸರು ಬೇಕು ಎಲ್ಲ ಗೊತ್ತು.

ಎರಡು ವರ್ಷ ಕಳೆಯುವಷ್ಟರಲ್ಲಿ ಕರಾರು ತಿರುವುಮುರುವಾಯಿತು. ಈಗ ಸೋಮವಾರಕ್ಕೆ ಹಿರೇಹಡಗಲಿಗೆ ಹೋಗುವವಳು ನಾಗಲಿಂಗಮ್ಮ. ಒಂದು ದಿನ ಅವಳು ಹೊಸ್ತಿಲು ದಾಟಿದಾಗ ಗಂಗಿ ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

"ಬರ್ರಿ, ಕುಂದರ್ರಿ. ಯಾವ ಊರ ಕಡೆಯಿಂದ ಬಂದ್ರಿ? ನೀರು ಕುಡೀತೀರೇನು?"

ಹುಟ್ಟಿದಾಗಿನಿಂದ ಗಂಗಿ ಅವಳನ್ನು ಅಕ್ಕ ಎಂದವಳೂ ಅಲ್ಲ, ನೀವು ಎಂದವಳೂ ಅಲ್ಲ. ಲೇ ನಾಗಿ, ಅಷ್ಟೇ. ಆ ಮರ್ಯಾದೆಯ ಮಾತು ನಾಗಲಿಂಗಮ್ಮನನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಅವಳು ನೆಂಟರ ಹಾಗೆ ಚಾಪೆಯ ಅಂಚಿಗೆ ಕೂತು, ಕೊಟ್ಟ ನೀರು ಕುಡಿದಳು.

ಗಂಗಿಯ ಸೊಸೆ ಅವಳನ್ನು ಪಡಸಾಲೆಯ ಮರೆಗೆ ಕರೆದಳು. "ನಿಮ್ಮನ್ನ ಮರತಿಲ್ರಿ ದೊಡ್ಡತ್ತಿ. ನಿಮ್ಮ ಕೂಡ ದಿನಾ ಮಾತಾಡ್ತಾರ. ನೋಡ್ರಿ ಇಲ್ಲಿ."

ಗೋಡೆಗೆ ಆನಿಸಿದ ನಿಲುವುಗನ್ನಡಿಯ ಮುಂದೆ ಗಂಗಿ ಹೋಗಿ ನಿಂತಿದ್ದಳು. "ಬಂದಿಯೇನಲೇ ನಾಗಿ," ಎನ್ನುತ್ತಿದ್ದಳು ಕನ್ನಡಿಗೆ. "ಎಷ್ಟೊತ್ತು ಹೊರಗ ನಿಂದರತಿ? ಒಳಗ ಬಾರಲೇ. ಇಲ್ಲಿ ಯಾರೋ ಬಂದಾರ, ನನಗ ಗುರ್ತು ಸಿಗವಲ್ಲದು."

ನಾಗಲಿಂಗಮ್ಮನಿಗೆ ಆ ಕನ್ನಡಿಯ ಮೇಲೆ ಹೊಟ್ಟೆಕಿಚ್ಚಾಯಿತು. ನಾಚಿಕೆಯಾದರೂ ಸರಿ, ಆದದ್ದು ಅದೇ. ಅವಳು ಮೆಲ್ಲಗೆ ಹೋಗಿ, ಗಂಗಿಗೆ ಕಾಣದಂತೆ ಕನ್ನಡಿಯ ಪಕ್ಕದ ಕಂಬಕ್ಕೆ ಒರಗಿ ನಿಂತು ಹೇಳಿದಳು: "ಬಂದೀನಲೇ. ಉಂಡಿಯೇನು?"

"ಎಲ್ಲಿ ಉಂಡೆ? ನೀ ಬರಲಿ ಅಂತ ಕುಂತಿದ್ದೆ," ಎಂದಳು ಗಂಗಿ, ಕಣ್ಣು ಗಾಜಿನಿಂದ ಕೀಳದೆ.

ಆ ವರ್ಷವಿಡೀ ಅವರು ಮಾತಾಡಿದ್ದು ಹಾಗೆ. ದನಿ ಕಂಬದ ಮರೆಯಿಂದ, ಮುಖ ಕನ್ನಡಿಯಲ್ಲಿ. ತಿಂಗಳಿಗೊಮ್ಮೆ ಅರ್ಧ ತಾಸಿನ ಮಾತಿಗಾಗಿ ನಾಗಲಿಂಗಮ್ಮ ಎರಡು ಬಸ್ಸು ಹತ್ತಿ ಇಳಿಯುತ್ತಿದ್ದಳು. ಆಮೇಲೆ ಕನ್ನಡಿಯೊಳಗಿನ ಮುದುಕಿಯೂ ಗಂಗಿಗೆ ಅಪರಿಚಿತಳಾದಳು. ಅವಳನ್ನು ಕಂಡು ಕೂಗಿ ಹಿಂದೆ ಸರಿದದ್ದರಿಂದ ಸೊಸೆ ಕನ್ನಡಿಗೆ ಹಳೇ ಸೀರೆ ಹೊದಿಸಿದಳು.

ವೆಂಕಟೇಶ ಬಂದದ್ದು ಎರಡು ಸಾವಿರದ ಒಂದರಲ್ಲಿ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯವನು, ಕೊಟ್ಟೂರಿನಲ್ಲಿ ಪಿಯುಸಿ ಓದುವಾಗ ಎರಡು ವರ್ಷ ಈ ಖಾನಾವಳಿಯಲ್ಲೇ ಉಂಡವನು. ಈಗ ಡಾಕ್ಟರಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಮರೆವಿನ ಕಾಯಿಲೆಯ ಸಂಶೋಧನೆಗೆ ಸೇರಿದ್ದ. ಊರಿಗೆ ಹೋಗುವ ದಾರಿಯಲ್ಲಿ ಊಟಕ್ಕೆ ಇಳಿದ.

"ಅಮ್ಮಾರ, ನಿಮ್ಮ ಹಂಗ ಇದ್ರಲ್ಲ, ಇನ್ನೊಬ್ರು. ಹೆಂಗದಾರ?"

ನಾಗಲಿಂಗಮ್ಮ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಒಲೆ ಆರಿತು. ವೆಂಕಟೇಶ ಕೈ ಒಣಗಿಸಿಕೊಂಡೇ ಕೂತು ಕೇಳಿದ. ಮರುದಿನ ಊರಿಗೆ ಹೋಗುವ ಬದಲು ಹಿರೇಹಡಗಲಿಗೆ ಹೋಗಿ ಗಂಗಿಯನ್ನು ನೋಡಿ ಬಂದ. ಬೆಂಗಳೂರಲ್ಲಿ ತಲೆಯ ಚಿತ್ರ ತೆಗೆಸಿದ ಮೇಲೆ ಹೆಸರೂ ಗೊತ್ತಾಯಿತು, ಆಲ್ಝೈಮರ್ ಎಂದು. ಆ ಹೆಸರನ್ನು ಕರಿಸಿದ್ದಪ್ಪ ನಾಲ್ಕು ಬಗೆಯಲ್ಲಿ ಹೇಳಿ ನೋಡಿ ಕೈಬಿಟ್ಟ.

ವೆಂಕಟೇಶನಿಗೆ ಇಬ್ಬರ ರಕ್ತವೂ ಬೇಕಿತ್ತು, ಅದೂ ಒಂದೇ ದಿನ, ಒಂದೇ ಹೊತ್ತಿಗೆ. ಗವಿಸಿದ್ದೇಶ್ ಒಪ್ಪಿ ಸಹಿ ಹಾಕಿ, ಅವ್ವನನ್ನು ಕೊಟ್ಟೂರಿಗೆ ಕರೆತಂದ. ಈ ರಕ್ತ ತಣ್ಣಗೆ ಇರದಿದ್ದರೆ ಅದರೊಳಗಿನ ಸುದ್ದಿ ಬೇಗ ಕೆಟ್ಟುಹೋಗುತ್ತದೆ ಎಂದು ವೆಂಕಟೇಶ ಡಬ್ಬಿಯಲ್ಲಿ ಐಸು ತಂದಿದ್ದ. ಚಿತ್ರದುರ್ಗ ದಾಟುವಷ್ಟರಲ್ಲಿ ಅದು ನೀರಾಗಿತ್ತು. ಕರಿಸಿದ್ದಪ್ಪ ಸೈಕಲ್ ತೆಗೆದುಕೊಂಡು ಐಸ್ ಕ್ಯಾಂಡಿ ಮಾಡುವವರ ಹತ್ತಿರ ಹೋಗಿ, ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಒಂದು ಗಡ್ಡೆ ಕಟ್ಟಿಸಿಕೊಂಡು ಬಂದ. ಅದನ್ನು ಒನಕೆಯಿಂದ ಕುಟ್ಟಿ ಡಬ್ಬಿಗೆ ತುಂಬಿದರು.

ಸೂಜಿ ಚುಚ್ಚುವಾಗ ಗಂಗಿ ಸುಮ್ಮನೆ ಕೈ ನೀಡಿದಳು. ಇಬ್ಬರ ಕೈಗಳೂ ಒಂದೇ ಮಂಚದ ಮೇಲಿದ್ದವು. ಒಂದೇ ಬಗೆಯ ಮಣಿಕಟ್ಟು, ಒಂದೇ ಬಗೆಯ ಉಬ್ಬಿದ ನರ.

"ಒಂದೇ ರಕ್ತ ಅಲ್ಲೇನಪ್ಪಾ?" ಎಂದು ನಾಗಲಿಂಗಮ್ಮ ಕೇಳಿದಳು. "ಹಂಗಾದ್ರ ಆಕಿಗೆ ಬಂದಿದ್ದು ನನಗ ಯಾಕ ಬರಲಿಲ್ಲ?"

ವೆಂಕಟೇಶ ಹತ್ತಿ ಒತ್ತಿ ಹಿಡಿದುಕೊಂಡೇ ಹೇಳಿದ: "ಅದನ್ನ ತಿಳಕೊಳ್ಳಾಕ ಬಂದೀನ್ರಿ. ಮೈ ಹೆಂಗ ನಡೀಬೇಕು ಅನ್ನೋದನ್ನ ಬರದಿಟ್ಟ ಬರಹ ನಮ್ಮೊಳಗ ಇರತೈತಿ. ಜೀನ್ ಅಂತಾರ. ನಿಮ್ಮಿಬ್ಬರದೂ ಆ ಬರಹ ಒಂದೇ. ಆದ್ರ ಬರದಿದ್ದು ಎಲ್ಲಾ ಎಲ್ಲಾ ಹೊತ್ತಿನಾಗೂ ಕೆಲಸ ಮಾಡಂಗಿಲ್ಲ. ಕೆಲವು ಎಚ್ಚರ ಇರತಾವು, ಕೆಲವು ಮಲಗಿರತಾವು."

"ಯಾರು ಎಬ್ಬಸವ್ರು?"

"ಬಾಳ ಮಂದಿ ಅದಾರ. ವಯಸ್ಸು ಒಂದು. ವಯಸ್ಸಾದಂಗ ಮಿದುಳಿನಾಗ ನೆನಪು ಹಿಡಿಯೋ ಜೀನ್ ಸ್ವಲ್ಪ ಮಂಕಾಗತಾವು, ಉರಿಯೂತ ಎಬ್ಬಸೋವು ಸ್ವಲ್ಪ ಜೋರಾಗತಾವು. ಎಲ್ಲರಿಗೂ ಆಗತೈತಿ, ನಿಮಗೂ ಆಗಿರತೈತಿ. ಈ ಕಾಯಿಲಿಯೊಳಗೂ ಬಾಳಮಟ್ಟಿಗೆ ಅದೇ ಆಗತೈತಿ, ಆದ್ರ ಮಿತಿ ಮೀರಿ. ವಯಸ್ಸೇ ಓಡಿ ಓಡಿ ಕಾಯಿಲಿ ಆಗತೈತೋ, ಇಲ್ಲಾ ನಡುವ ಎಲ್ಲೋ ಬ್ಯಾರೆ ಹಾದಿ ಹಿಡೀತೈತೋ, ಅದು ನಮಗ ಇನ್ನೂ ಗೊತ್ತಿಲ್ಲ."

ನಾಗಲಿಂಗಮ್ಮ ತಂಗಿಯ ಸೆರಗು ಸರಿಮಾಡಿದಳು. "ಆಕಿಗೆ ಎರಡು ಕೂಸು ಹೋದ್ವು. ಗಂಡ ಹೋದ. ಬಿಪಿ ಇತ್ತು, ಗುಳಿಗಿ ನೆಟ್ಟಗ ನುಂಗಲಿಲ್ಲ. ಅದಕ್ಕೇನು?"

"ದುಃಖ, ಬಿಪಿ, ನಿದ್ದಿ, ಎಲ್ಲಾ ಅದರಾಗ ಕೈಯಾಡಸತಾವು ಅಂತ ಕಾಣತೈತಿ. ಆದ್ರ ಇಂಥಾದ್ದರಿಂದಲೇ ಬಂತು ಅಂತ ನಾ ಹೇಳಿದ್ರ ಸುಳ್ಳಾಗತೈತಿ, ಅಮ್ಮಾರ."

"ನನಗೂ ಬರತೈತೇನು?"

"ಅದನ್ನೂ ಹೇಳಾಕ ಬರಂಗಿಲ್ಲ."

ಸುಳ್ಳು ಸಮಾಧಾನ ಹೇಳಲಿಲ್ಲವೆಂದೇ ಅವಳಿಗೆ ಆ ಹುಡುಗನ ಮೇಲೆ ನಂಬಿಕೆ ಬಂತು. ಆದರೆ ಒಂದು ಮಾತು ಮನಸ್ಸಲ್ಲಿ ಕೂತಿತು. ವಯಸ್ಸೇ ಓಡಿ ಓಡಿ. ಚಿಕ್ಕಂದಿನಲ್ಲಿ ಗಂಗಿ ಯಾವಾಗಲೂ ಅವಳ ಹಿಂದೆ ನಡೆಯುವವಳು. ನೀರಿಗೆ ಹೋದರೂ ಸೌದೆಗೆ ಹೋದರೂ "ತಡೀಲೇ ನಾಗಿ" ಎನ್ನುತ್ತ ಬರುವವಳು. ಅವಳು ಈಗ ಒಬ್ಬಳೇ ಅಷ್ಟು ಮುಂದೆ ಹೋಗಿಬಿಟ್ಟಿದ್ದಳು, ಕೂಗಿದರೂ ಕೇಳದಷ್ಟು.

ಎರಡು ವರ್ಷದ ಮೇಲೆ ನಾಗಲಿಂಗಮ್ಮ ಪಟ್ಟು ಹಿಡಿದು ತಂಗಿಯನ್ನು ಕೊಟ್ಟೂರಿಗೆ ಕರೆತಂದಳು. ಗವಿಸಿದ್ದೇಶ್ ಸುಲಭಕ್ಕೆ ಒಪ್ಪಲಿಲ್ಲ. "ಹೆತ್ತ ಮಗನ ಕೈಲಿ ಸಾಕಾಕ ಆಗಲಿಲ್ಲ ಅಂತಾರ, ದೊಡ್ಡವ್ವ."

"ಅಂದವ್ರಿಗೆ ಹೇಳು, ನಮ್ಮವ್ವನ ಹೊಟ್ಟಿಯಾಗ ಮೊದಲು ಆಕಿ ಜೋಡಿ ಮಲಗಿದ್ದು ನಾನು ಅಂತ," ಎಂದಳು ನಾಗಲಿಂಗಮ್ಮ. ಅವನೇ ಅವ್ವನ ಬಟ್ಟೆಗಂಟು ಕಟ್ಟಿದ. ವಾರಕ್ಕೊಮ್ಮೆ ತಪ್ಪದೆ ಬಂದು ಅವ್ವನ ಕಾಲು ಒತ್ತಿ ಹೋಗುತ್ತಿದ್ದ.

ಖಾನಾವಳಿಯ ಹಿಂದಿನ ಕೋಣೆಯಲ್ಲಿ ಗಂಗಿಗೆ ಹಾಸಿಗೆಯಾಯಿತು. ನಾಗಲಿಂಗಮ್ಮ ಅವಳಿಗೆ ಉಣಿಸಿದಳು, ಮೈ ತೊಳೆದಳು, ತಲೆ ಬಾಚಿದಳು. ಮೊದಲ ತಿಂಗಳು ದಿನಾ ಹೇಳುತ್ತಿದ್ದಳು, "ನಾನಲೇ, ನಾಗಿ." ಗಂಗಿ ಅವಳ ನರೆತ ಕೂದಲು, ಬಿದ್ದ ಹಲ್ಲು ನೋಡಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಅವಳ ತಲೆಯಲ್ಲಿದ್ದ ನಾಗಿ ಲಂಗದ ಹುಡುಗಿ.

ಒಂದು ಬೆಳಿಗ್ಗೆ ಬಾಚುವಾಗ ಗಂಗಿ ಕೇಳಿದಳು, "ಅವ್ವಾ, ನಾಗಿ ಎಲ್ಲಿ?"

ಬಾಚಣಿಗೆ ನಿಂತಿತು. ನಾನೇ ನಾಗಿ ಎಂಬ ಮಾತು ನಾಗಲಿಂಗಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಅಂದರೆ ಈ ಕೂಸಿನಂಥವಳು ಮತ್ತೆ ಗಾಬರಿಯಾಗುತ್ತಾಳೆ. ಅಂದದ್ದು ಬೇರೆ: "ನೀರಿಗೆ ಹೋಗ್ಯಾಳವ್ವಾ. ಬರತಾಳ."

ಗಂಗಿ ಎದ್ದು ಹೋಗಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಓಣಿಯ ತಿರುವಿನ ಕಡೆ ಮುಖ ಮಾಡಿ ಕಾದಳು. ಅವತ್ತಿನಿಂದ ಅದು ನಿತ್ಯದ ಕೆಲಸವಾಯಿತು. ಕೊಡ ಹೊತ್ತ ಹುಡುಗಿಯರು ಹಾದರೆ ಕತ್ತು ಚಾಚಿ ನೋಡುತ್ತಿದ್ದಳು. ನಾಗಲಿಂಗಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಆ ಬೆನ್ನನ್ನು ನೋಡುತ್ತಿದ್ದಳು. ನಡುವೆ ಇದ್ದದ್ದು ಹತ್ತು ಹೆಜ್ಜೆ. ತನಗಾಗಿ ಇಷ್ಟು ಆಸೆಯಿಂದ ಈ ಲೋಕದಲ್ಲಿ ಬೇರೆ ಯಾರೂ ಕಾದಿರಲಿಲ್ಲ; ಹೆತ್ತು, ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳೂ ಇಲ್ಲ, ಕೈಹಿಡಿದ ಗಂಡನೂ ಇಲ್ಲ. ಎದ್ದು ಹೋಗಿ "ಬಂದೆ" ಎನ್ನಲು ಅವಳಿಗೆ ಬೇಕಾಗಿದ್ದದ್ದು ಐವತ್ತು ವರ್ಷದ ಹಿಂದಿನ ಮುಖ ಒಂದೇ.

"ಇನ್ನೂ ಬರಲಿಲ್ಲವ್ವಾ," ಎನ್ನುತ್ತಿದ್ದಳು ಗಂಗಿ ಊಟಕ್ಕೆ ಕರೆದಾಗ.

"ಬಾವಿ ಮ್ಯಾಲೆ ಸರತಿ ಬಾಳ ಇರಬೇಕು. ನೀ ಉಣ್ಣು. ಆಕಿಗೆ ತಗದಿಟ್ಟೀನಿ."

ಹಾಗೆ ತೆಗೆದಿಟ್ಟ ರೊಟ್ಟಿಯನ್ನು ಆಮೇಲೆ ನಾಗಲಿಂಗಮ್ಮನೇ ತಿನ್ನುತ್ತಿದ್ದಳು, ತನ್ನ ಪಾಲಿನದೇ ಆದದ್ದರಿಂದ.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಗಂಗಿಗೆ ಕಫ ಕಟ್ಟಿ ಜ್ವರ ಬಂತು. ನುಂಗುವುದೂ ಮರೆತುಹೋಗಿತ್ತು. ಐದನೆಯ ದಿನ ಬೆಳಿಗ್ಗೆ, ಖಾನಾವಳಿಯ ಬಾಗಿಲು ತೆಗೆಯುವ ಹೊತ್ತಿಗೆ ಹೋದಳು. ಹಿರೇಹಡಗಲಿಯಲ್ಲಿ ಗಂಡನ ಪಕ್ಕದಲ್ಲಿ ಅವಳನ್ನು ಸಮಾಧಿ ಮಾಡಿದರು. ನಾಗಲಿಂಗಮ್ಮ ಅತ್ತದ್ದನ್ನು ಯಾರೂ ನೋಡಲಿಲ್ಲ. ಖಾನಾವಳಿಯನ್ನು ಮೂರು ದಿನ ಮುಚ್ಚಿ ನಾಲ್ಕನೆಯ ದಿನ ತೆಗೆದಳು. ಅಂದು ರೊಟ್ಟಿಗೆ ಉಪ್ಪು ಹೆಚ್ಚಾಗಿತ್ತು.

ವೆಂಕಟೇಶ ಪ್ರತಿ ವರ್ಷ ಅವಳ ರಕ್ತ ತೆಗೆದುಕೊಂಡು ಹೋಗುತ್ತಿದ್ದ. ಆ ವರ್ಷವೂ ಬಂದ. ಡಬ್ಬಿಯ ಮುಚ್ಚಳ ಹಾಕುವಾಗ ನಾಗಲಿಂಗಮ್ಮ ಕೇಳಿದಳು: "ನಮ್ಮ ಗಂಗಿದು ಇನ್ನೂ ಐತೇನು ನಿಮ್ಮ ಹತ್ರ?"

"ಐತ್ರಿ. ಐಸಿನಾಗ ಇಟ್ಟೀವಿ."

"ನಾ ನೋಡಬೌದೇನು?"

ಅವನು ನಕ್ಕು, ಬರ್ರಿ ಎಂದ. ಅವಳು ನಿಜಕ್ಕೂ ಬರುತ್ತಾಳೆಂದು ಅವನಿಗೆ ಅನಿಸಿರಲಿಲ್ಲ. ಎರಡು ಸಾವಿರದ ಆರರಲ್ಲಿ, ಎಪ್ಪತ್ತು ತುಂಬಿದ ವರ್ಷ, ನಾಗಲಿಂಗಮ್ಮ ಬುತ್ತಿ ಕಟ್ಟಿಕೊಂಡು ಗಂಡನ ಜೊತೆ ಬೆಂಗಳೂರಿನ ಬಸ್ಸು ಹತ್ತಿದಳು. ಹಿಂದೆಂದೂ ಅವಳು ಆ ಊರು ಕಂಡವಳಲ್ಲ.

ಪ್ರಯೋಗಾಲಯದ ಕೋಣೆಯಲ್ಲಿ ಆಳೆತ್ತರದ ಬಿಳಿ ಪೆಟ್ಟಿಗೆಯಿತ್ತು. ವೆಂಕಟೇಶ ದಪ್ಪ ಕೈಗವಸು ಹಾಕಿಕೊಂಡು ಬಾಗಿಲು ತೆಗೆದ. ಬಿಳಿ ಹಬೆ ನೆಲಕ್ಕಿಳಿಯಿತು. ಒಳಗಿನಿಂದ ಒಂದು ಚಿಕ್ಕ ರಟ್ಟಿನ ಡಬ್ಬಿ ಎಳೆದು ಮುಚ್ಚಳ ಎತ್ತಿದ. ಸಾಲಾಗಿ ಬೆರಳಿಗಿಂತ ಸಣ್ಣ ಕೊಳವೆಗಳಿದ್ದವು.

"ಹದಿನೇಳನೇ ನಂಬರಿನ ಕೊಳವಿ ನೀವು. ಹದಿನೆಂಟು ಅವ್ರು. ಅವತ್ತು ಇಬ್ಬರ ಮೈಯಾಗ ಯಾವ ಜೀನ್ ಎದ್ದಿದ್ವು, ಯಾವುವು ಮಲಗಿದ್ವು ಅನ್ನೋ ಗುರುತು ಇದರಾಗ ಹಂಗ ನಿಂತೈತಿ. ಬಾಳ ಹೊತ್ತು ತಗದಿಡಂಗಿಲ್ರಿ."

ಅವಳು ಮುಟ್ಟಲು ಕೈ ಚಾಚಿ ಹಿಂದೆ ತೆಗೆದುಕೊಂಡಳು. ಎರಡೂ ಕೊಳವೆಗಳು ಒಂದಕ್ಕೊಂದು ತಾಗಿ ನಿಂತಿದ್ದವು. "ಹಿಂಗ ಬಾಜೂಕ ಇರಲಿ," ಎಂದಳು. "ಬ್ಯಾರೆ ಮಾಡಬ್ಯಾಡ." ಅವನು ಡಬ್ಬಿ ಒಳಗಿಟ್ಟ.

ಹೊರಗೆ ಬೆಂಚಿನ ಮೇಲೆ ಕೂತಾಗ ಅವಳೇ ಮಾತು ತೆಗೆದಳು. "ರಕ್ತದಾಗ ಸಿಗೋದು ಅರ್ಧ ಸುದ್ದಿ, ಉಳಿದದ್ದು ಮಿದುಳಿನಾಗ ಅಂತ ಒಮ್ಮೆ ಅಂದಿದ್ದಿ. ಆಕಿ ಮಿದುಳು ಬೇಕಾಗಿತ್ತಲ್ಲ ನಿಮಗ?"

ವೆಂಕಟೇಶ ನೆಲ ನೋಡಿದ. "ಬೇಕಾಗಿತ್ತು. ಕೇಳಾಕ ಬಾಯಿ ಬರಲಿಲ್ಲ. ಅಷ್ಟು ದೂರದಿಂದ ಹೊತ್ತಿಗೆ ಸರಿಯಾಗಿ ತರಾಕನೂ ಆಗತಿದ್ದಿಲ್ಲ."

"ನಾ ಸತ್ತ ಮ್ಯಾಲೆ ನನ್ನದು ತಗೋ, ಬರಕೋ."

"ನಿಮಗ ಕಾಯಿಲಿ ಇಲ್ಲಲ್ರಿ."

"ಕಾಯಿಲಿ ಬಂದ ತಲಿ ನೋಡಿದ್ರ ಸಾಕೇನು? ಬರದ ಇದ್ದದ್ದು ಹೆಂಗ ಉಳೀತು ಅಂತ ನೋಡಬ್ಯಾಡೇನು?"

ಸಂಶೋಧನೆಗೆ ಸಿಗುವುದು ಅತಿ ಕಷ್ಟವಾದದ್ದು ಅದೇ ಎಂದು ಅವನು ಒಪ್ಪಿಕೊಂಡ. ಕರಿಸಿದ್ದಪ್ಪ ಮಾತ್ರ ಎದ್ದು ನಿಂತ. "ಏನ್ ಮಾತಾಡ್ತಿಯಲೇ? ನಮ್ಮವ್ರೊಳಗ ಲಿಂಗ ಹಿಡದು ಕುಂದ್ರಿಸಿ ಮಣ್ಣು ಕೊಡತಾರ. ತಲಿ ಬರಿದ ಮಾಡಿ ಹೆಂಗ ಕುಂದ್ರಸೋದು?"

"ಲಿಂಗ ಇರೋದು ಕೈಯಾಗ ರೀ, ತಲಿಯಾಗಲ್ಲ," ಎಂದಳು ನಾಗಲಿಂಗಮ್ಮ. ಕರಿಸಿದ್ದಪ್ಪ ಕೂತುಕೊಂಡ. ಕಾಗದ ಬಂದಾಗ ಸಾಕ್ಷಿಯ ಸಹಿ ಅವನೇ ಹಾಕಿದ. ನಾಲ್ಕನೇ ಇಯತ್ತೆ ಕಲಿತ ಅಕ್ಷರದಲ್ಲಿ ಅವಳು ತನ್ನ ಹೆಸರನ್ನು ನಿಧಾನವಾಗಿ ಬರೆದಳು.

"ಇದಕ್ಕಿನ್ನೂ ಬಾಳ ವರ್ಷ ಐತಿ ಬಿಡ್ರಿ," ಎಂದ ವೆಂಕಟೇಶ.

"ಇರಲಿ ಬಿಡು, ಯಾವಾಗಾರ ಆಗಲಿ," ಎಂದಳು ಅವಳು. "ಅರವತ್ತೆಂಟರ ತನ ಇಬ್ರೂ ಕೂಡಿ ವಯಸ್ಸಾಗತಿದ್ವಿ, ತಮ್ಮಾ. ಆಕಿ ಹೋದ ಮ್ಯಾಲಿನ ಎರಡು ವರ್ಷ ನಾ ಒಬ್ಬಾಕಿನೇ ಆಗೀನಿ. ರೂಢಿ ಇಲ್ಲ ನೋಡು ನನಗ."

ಮರುದಿನ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಹೊರಟರು. ವೆಂಕಟೇಶ ಸ್ಟ್ಯಾಂಡಿಗೆ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಸಂಜೆಗೆ ಕೊಟ್ಟೂರು ಮುಟ್ಟಿದರು. ಬೀಗ ಹಾಕಿದ ಬಾಗಿಲ ಮುಂದೆ ಇಬ್ಬರು ಲಾರಿಯವರು ಹಸಿದು ಕೂತಿದ್ದರು. ನಾಗಲಿಂಗಮ್ಮ ಚೀಲ ಕೆಳಗಿಟ್ಟು, ಕೈಕಾಲು ತೊಳೆದು ಹಿಟ್ಟು ಕಲಸಲು ಕೂತಳು.